ಹಿಂದಿನ ಸೀಟಿನ ದನಿ

ಸ್ಕೂಲ್ ವ್ಯಾನ್ ಓಡಿಸಲು ಬರುವ ಹುಡುಗರಿಗೆ ಮೊದಲೇ ಹೇಳಿಬಿಡುತ್ತೇನೆ. ಸ್ಟೀರಿಂಗ್ ಹಿಡಿಯುವುದು ಈ ಕೆಲಸದಲ್ಲಿ ಕಾಲು ಭಾಗ. ಮಿಕ್ಕ ಮುಕ್ಕಾಲು ಭಾಗ ನಿಮ್ಮ ಬೆನ್ನ ಹಿಂದೆ ಕೂತಿರುತ್ತದೆ. ಅದಕ್ಕೆ ಮೂರೂವರೆ ವರ್ಷ, ಕುತ್ತಿಗೆಗೆ ನೀರಿನ ಬಾಟಲಿ, ಮೂಗಿನಲ್ಲಿ ಸಿಂಬಳ. ಅದನ್ನು ನೋಡಿಕೊಳ್ಳಲು ಆಗದಿದ್ದರೆ ಹೋಗಿ ಲಾರಿ ಓಡಿಸಿ. ನೂಲಿನ ಮೂಟೆ ಅಳುವುದಿಲ್ಲ.

ನಾನು ಹನ್ನೆರಡು ವರ್ಷ ಓಡಿಸಿದೆ. ಸೋಮನೂರಿನ ಸುತ್ತ, ಕೊಯಮತ್ತೂರು ಜಿಲ್ಲೆ ಮುಗಿದು ತಿರುಪ್ಪೂರು ಜಿಲ್ಲೆ ಶುರುವಾಗುವ ಕಡೆ, ಪವರ್‌ಲೂಮ್ ಬೀದಿಗಳಲ್ಲಿ. ಮೂವತ್ತನಾಲ್ಕಕ್ಕೆ ಬಿಟ್ಟೆ. ಈ ವಯಸ್ಸಿಗೆ ಯಾರು ರಿಟೈರ್ ಆಗುತ್ತಾರೆ ಎಂದು ನಗುವವರು ನಗಲಿ. ನನಗೂ ಶಾಲು ಹೊದಿಸಿದರು, ಗೋಡೆ ಗಡಿಯಾರ ಕೊಟ್ಟರು, ಫೋಟೋ ಹಿಡಿದರು. ಅದು ರಿಟೈರ್ಮೆಂಟ್ ಅಲ್ಲದಿದ್ದರೆ ಇನ್ನೇನು? ಈಗ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಟೇಬಲ್ಲಿನ ಮುಂದೆ ನಿಲ್ಲುತ್ತೇನೆ. ತೂತು ಇರುವ ಬನಿಯನ್ ಒಂದು ಕಡೆ, ತೂತಿಲ್ಲದ್ದು ಇನ್ನೊಂದು ಕಡೆ. ಅದರ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ.

ಮನೆಯಲ್ಲಿ ನಾವು ಆಡುವುದು ಕನ್ನಡ, ನನಗೆ ಅದರ ಅಕ್ಷರ ಗೊತ್ತಿಲ್ಲ. ಓದಿದ್ದು ತಮಿಳಿನಲ್ಲಿ, ಆರನೇ ಕ್ಲಾಸಿನವರೆಗೆ. ನಾನು ಹೇಳುತ್ತ ಹೋದದ್ದನ್ನು ಬರೆದವಳು ನನ್ನ ಹೆಂಡತಿ ಶಿಲ್ಪಾ, ಕೊಳ್ಳೇಗಾಲದವಳು. ನನ್ನ ಮಾತಿಗೆ ಹೂವು ಮುಡಿಸಬೇಡ ಎಂದು ಹೇಳಿದ್ದೇನೆ. ಎಲ್ಲಾದರೂ ಮುಡಿಸಿದ್ದರೆ ಅದು ಅವಳ ತಪ್ಪು.

ನಾನು ಮುಖ್ಯವಾಗಿ ಹೇಳಬೇಕಾದದ್ದು ಮಿತ್ರಾ ಎಂಬ ಮಗುವಿನ ವಿಷಯ. ನಾನು ಯೋಚಿಸದೆ ಆಡಿದ ಒಂದು ಮಾತಿನಿಂದ ಅವಳ ಎಲ್‌ಕೆಜಿ ಸೀಟು ಹೋಗುವುದರಲ್ಲಿತ್ತು. ಆ ಸೀಟು ಉಳಿಸಲು ಹೋಗಿ ನನ್ನ ಸೀಟು ಹೋಯಿತು. ಆದರೆ ಅಲ್ಲಿಗೆ ಬರುವ ಮೊದಲು ಕೆಲಸ ಹೇಗಿತ್ತು ಅನ್ನುವುದನ್ನು ಸ್ವಲ್ಪ ಹೇಳಬೇಕು.

ಮೊದಲ ವರ್ಷ ನನಗೆ ಕೆಲಸ ಕಲಿಸಿದವರು ಟ್ರಾನ್ಸ್‌ಪೋರ್ಟ್ ನೋಡಿಕೊಳ್ಳುವ ಮುತ್ತುಸಾಮಿ ಸಾರ್. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ರಿಟೈರ್ ಆದವರು. ಮಗುವಿಗೂ ಟಿಕೆಟ್ ತೆಗೆದುಕೊಂಡ ಪ್ಯಾಸೆಂಜರಿಗೂ ಅವರಿಗೆ ವ್ಯತ್ಯಾಸ ಗೊತ್ತಿರಲಿಲ್ಲ. ಎತ್ತು, ಒಳಗೆ ಕೂರಿಸು, ಬಾಗಿಲು ಹಾಕು, ಹೊರಡು. ತಾಯಿಯ ಮುಖ ನೋಡಬೇಡ, ನೋಡಿದರೆ ಲೇಟಾಗುತ್ತದೆ. ಅತ್ತರೆ ಹತ್ತು ನಿಮಿಷ ಅಳುತ್ತದೆ, ಆಮೇಲೆ ಸುಸ್ತಾಗಿ ಸುಮ್ಮನಾಗುತ್ತದೆ. ಇದು ಅವರ ಪಾಠ.

ನಾನು ಹಾಗೇ ಮಾಡಿದೆ. ಒಂದು ಹುಡುಗಿ ನನ್ನ ಕೈ ಕಚ್ಚಿದಳು, ಗುರುತು ಈಗಲೂ ಇದೆ. ಇನ್ನೊಬ್ಬ ಹುಡುಗ ಅಳಲೇ ಇಲ್ಲ. ಒಳ್ಳೆಯವನು ಎಂದುಕೊಂಡೆ. ಸ್ಕೂಲಿನ ಮುಂದೆ ಇಳಿಸುವಾಗ ನೋಡಿದರೆ ಚಡ್ಡಿ, ಸಾಕ್ಸು, ಸೀಟು ಎಲ್ಲ ಒದ್ದೆ. ಹತ್ತು ದಿನ ಹೀಗೇ ಆಯಿತು. ಹನ್ನೊಂದನೇ ದಿನ ಅವನು ವ್ಯಾನಿನ ಚಕ್ರದ ಮುಂದೆ ಮಲಗಿಬಿಟ್ಟ. ಅವನ ತಂದೆ ಎಳೆದು ನಾಲ್ಕು ಬಾರಿಸಿದ. ಸ್ಟೀರಿಂಗ್ ಹಿಂದೆ ಕೂತಿದ್ದ ನನಗೆ ಅನ್ನಿಸಿತು, ಬಾರಿಸಬೇಕಾದದ್ದು ನನಗೆ.

ಸುಮ್ಮನಿರುವ ಮಗು ಒಳ್ಳೆಯ ಮಗು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಹೆದರಿದ ಮಗು.

ಮುಂದಿನ ಬೇಸಿಗೆಯಿಂದ ನಾನು ನನ್ನದೇ ಒಂದು ಕ್ರಮ ಮಾಡಿಕೊಂಡೆ. ಯಾರೂ ಹೇಳಿಕೊಟ್ಟದ್ದಲ್ಲ. ಮೇ ತಿಂಗಳಲ್ಲಿ, ಸ್ಕೂಲು ತೆಗೆಯುವ ಮೊದಲು, ಹೊಸದಾಗಿ ಸೇರುವ ಮಕ್ಕಳ ಮನೆಗೆ ಮೂರು ದಿನ ವ್ಯಾನ್ ತೆಗೆದುಕೊಂಡು ಹೋಗುತ್ತಿದ್ದೆ. ಮೊದಲ ದಿನ ಇಂಜಿನ್ ಆಫ್. ಮಗು ತಾನೇ ಮೆಟ್ಟಿಲು ಹತ್ತಬೇಕು, ಎತ್ತಿ ಕೂರಿಸುವುದಿಲ್ಲ. ಎಲ್ಲ ಸೀಟಿನ ಮೇಲೂ ಕೂತು ನೋಡಲಿ, ನನ್ನ ಸೀಟಿನಲ್ಲೂ ಕೂರಲಿ, ಒಂದು ಸಲ ಹಾರ್ನ್ ಒತ್ತಲಿ. ಎರಡನೇ ದಿನ ತಾಯಿಯನ್ನೂ ಕೂರಿಸಿಕೊಂಡು ಬೀದಿಯ ಕೊನೆಯವರೆಗೆ ಹೋಗಿಬರುವುದು. ಮೂರನೇ ದಿನ ಬೀದಿಯ ಕೊನೆಯಲ್ಲಿ ತಾಯಿ ಇಳಿದು ನಡೆದು ಮನೆಗೆ ಹೋಗಬೇಕು. ಮಗುವನ್ನು ನಾವು ಒಂದು ಸುತ್ತು ಹಾಕಿಸಿ ಮನೆಗೆ ತಂದುಬಿಡುತ್ತೇವೆ. ಬಾಗಿಲಲ್ಲಿ ತಾಯಿ ನಿಂತಿರುತ್ತಾಳೆ. ಅಷ್ಟೇ.

ವ್ಯಾನು ಕರೆದುಕೊಂಡು ಹೋಗುತ್ತದೆ ಎಂದು ಮಗುವಿಗೆ ಎಲ್ಲರೂ ಕಲಿಸುತ್ತಾರೆ. ವಾಪಸ್ ತರುತ್ತದೆ ಎಂದು ಯಾರೂ ಕಲಿಸುವುದಿಲ್ಲ. ನಾನು ಕಲಿಸಿದ್ದು ಅದೊಂದನ್ನೇ.

ಮುತ್ತುಸಾಮಿ ಸಾರ್ ಕೂಗಾಡಿದರು. ಇದು ಸ್ಕೂಲ್ ವ್ಯಾನಾ, ಜಾತ್ರೆಯ ತೊಟ್ಟಿಲಾ ಎಂದರು. ಕೂಗಾಡಲಿ ಎಂದು ಬಿಟ್ಟೆ. ಜೂನ್ ಬಂದಾಗ ನನ್ನ ವ್ಯಾನಿನಲ್ಲಿ ಅಳು ಕಡಿಮೆ, ಬೇರೆ ವ್ಯಾನುಗಳಲ್ಲಿ ಕಿವಿ ಹರಿಯುವಷ್ಟು. ಮೂರು ವರ್ಷ ಅದನ್ನು ನೋಡಿದ ಮೇಲೆ ಅವರು, ಈ ಯೋಚನೆ ತಮ್ಮದೇ ಎಂದು ಹೇಳಿಕೊಂಡು ಓಡಾಡತೊಡಗಿದರು.

ತಂದೆತಾಯಂದಿರಿಗೆ ನಾನು ಹೇಳುತ್ತಿದ್ದುದು ಇದು. ನಿಮ್ಮ ಮಗುವಿಗೆ ಎಬಿಸಿಡಿ ಬರದಿದ್ದರೆ ಏನೂ ಆಗುವುದಿಲ್ಲ, ಅದನ್ನು ಕಲಿಸಲು ಸ್ಕೂಲಿನವರು ಇದ್ದಾರೆ. ಟಿಫಿನ್ ಡಬ್ಬಿಯ ಮುಚ್ಚಳ ತೆಗೆಯಲು ಬರುತ್ತದಾ? ಒಂದು ಮಗು ಎರಡು ವಾರ ಡಬ್ಬಿ ತುಂಬಿದ ಹಾಗೇ ವಾಪಸ್ ತರುತ್ತಿತ್ತು. ತಾಯಿ ದಿನಕ್ಕೊಂದು ಬಗೆ ಮಾಡಿ ಕಳಿಸುತ್ತಿದ್ದಳು, ಪೂರಿ, ನೂಡಲ್ಸ್, ಜಾಮ್ ಹಚ್ಚಿದ ಬ್ರೆಡ್ಡು. ಮಗುವಿಗೆ ರುಚಿಯದ್ದಲ್ಲ ತೊಂದರೆ, ಮುಚ್ಚಳ ಬಿಗಿ. ಅದನ್ನು ಕಂಡುಹಿಡಿದದ್ದು ಟೀಚರೂ ಅಲ್ಲ, ನಾನೂ ಅಲ್ಲ. ನಮ್ಮ ವ್ಯಾನಿನ ಆಯಾ ಸರಸಕ್ಕ.

ಸರಸಕ್ಕ ಕುನ್ನತ್ತೂರಿನವರು. ವ್ಯಾನಿನಲ್ಲಿ ಒಬ್ಬ ಆಯಾ ಇರಲೇಬೇಕು ಎಂದು ರೂಲ್ಸ್ ಬಂದ ಮೇಲೆ ನನ್ನ ಜೊತೆ ಬಂದವರು. ಅವರು ಬರುವ ಮೊದಲು ನನ್ನ ಸೀಟಿನ ಹಿಂದೆ ಒಂದು ಹಲಗೆ ಇತ್ತು, ಅದರ ಮೇಲೆ ಐದಾರು ಮಕ್ಕಳನ್ನು ಒತ್ತಿ ಕೂರಿಸುತ್ತಿದ್ದೆವು. ಆಮೇಲೆ ಹಲಗೆ ಹೋಯಿತು. ಜಿಪಿಎಸ್ ಬಂತು, ವ್ಯಾನ್ ಎಲ್ಲಿದೆ ಎಂದು ತಾಯಂದಿರು ಫೋನಿನಲ್ಲೇ ನೋಡಿಕೊಂಡರು. ಒಳಗೆ ಕ್ಯಾಮೆರಾ ಬಂತು. ಒಳ್ಳೆಯದೇ. ಆದರೆ ಕ್ಯಾಮೆರಾಕ್ಕೆ ಕಣ್ಣಿದೆ, ಕಿವಿ ಇಲ್ಲ. ಹಿಂದಿನ ಸೀಟಿನಿಂದ ಒಂದು ಮಗು, ಅಣ್ಣಾ, ವಾಂತಿ ಬರುತ್ತಿದೆ ಎಂದು ಹೇಳಿದರೆ ಅದು ಯಾವ ಫೋನಿನಲ್ಲೂ ಕಾಣಿಸುವುದಿಲ್ಲ.

ಕೊನೆಯ ನಾಲ್ಕೈದು ವರ್ಷ ನನಗೆ ಒಂದು ಸಿಟ್ಟಿತ್ತು. ಈಗಿನ ಮಕ್ಕಳಿಗೆ ದನಿಯೇ ಇಲ್ಲ ಎಂದು. ಬಾಯಲ್ಲೇ ಏನೋ ಮಣಮಣ ಅನ್ನುತ್ತವೆ, ಮೊಬೈಲ್ ಕೊಟ್ಟು ಬೆಳೆಸಿದರೆ ಹೀಗೇ ಎಂದು ಕಂಡವರಿಗೆಲ್ಲ ಹೇಳುತ್ತಿದ್ದೆ. ಸರಸಕ್ಕ ಹಿಂದಿನಿಂದ ಬಂದು ಭುಜ ತಟ್ಟಿ, ನಿಲ್ಲಿಸಪ್ಪಾ, ಆಗಿನಿಂದ ಕರೀತಿದೀನಿ ಅನ್ನುತ್ತಿದ್ದರು. ರೋಡಿನ ಸದ್ದು ಅಕ್ಕಾ ಅನ್ನುತ್ತಿದ್ದೆ.

ಇನ್ನು ಮಿತ್ರಾಳ ವಿಷಯ.

ಅವರದು ಎಂಟು ಪವರ್‌ಲೂಮ್ ಇರುವ ಮನೆ. ಮನೆ ಬೇರೆ ಮಗ್ಗದ ಶೆಡ್ ಬೇರೆ ಅಂತ ಇಲ್ಲ, ಅಡುಗೆಮನೆಯ ಬಾಗಿಲು ತೆಗೆದರೆ ಶೆಡ್ಡು. ತಂದೆ, ತಾಯಿ, ಅಜ್ಜಿ ಮೂವರೂ ಮಗ್ಗ ನೋಡಿಕೊಳ್ಳುತ್ತಾರೆ. ನಮ್ಮ ಹಾಗೇ ಕನ್ನಡದವರು, ಎಷ್ಟೋ ತಲೆಮಾರಿನಿಂದ ಇಲ್ಲೇ ಇರುವವರು. ಎಲ್‌ಕೆಜಿಗೆ ಅರ್ಜಿ ಕೊಟ್ಟಿದ್ದರು, ಇಂಟರ್‌ವ್ಯೂ ಇನ್ನೂ ಆಗಿರಲಿಲ್ಲ. ಮೇ ತಿಂಗಳಲ್ಲಿ ಮೊದಲ ದಿನದ ಟ್ರಯಲ್‌ಗೆ ಹೋದೆ. ಮಗು ಶೆಡ್ಡಿನ ಬಾಗಿಲಲ್ಲಿ ನಮಗೆ ಬೆನ್ನು ಹಾಕಿ ನಿಂತಿತ್ತು, ಕೈಯಲ್ಲಿ ಖಾಲಿ ನೂಲಿನ ಕೊಳವೆ. ಹಾರ್ನ್ ಹೊಡೆದೆ. ತಿರುಗಲಿಲ್ಲ. ಹತ್ತಿರ ಹೋಗಿ ಇನ್ನೊಂದು ಸಲ ಹೊಡೆದೆ. ತಿರುಗಲಿಲ್ಲ. ಪಾಪಾ ಎಂದು ಕೂಗಿದೆ. ಇಲ್ಲ. ಒಳಗೆ ಮಗ್ಗ ಓಡುತ್ತಿದ್ದವು, ಆದರೆ ನನಗೆ ಅದೇನೂ ದೊಡ್ಡ ಸದ್ದು ಅನ್ನಿಸಲಿಲ್ಲ.

“ಅಕ್ಕಾ, ಈ ಪಾಪಾಗೆ ಕಿವಿ ಮಂದ ಅನ್ಸುತ್ತೆ” ಎಂದೆ ಸರಸಕ್ಕನಿಗೆ.

ಅವರು ಏನೋ ಹೇಳಿದರು, ನಾನು ಗಮನಿಸಲಿಲ್ಲ. ಸಂಜೆ ಟೀ ಕುಡಿಯುವಾಗ ಅದೇ ಮಾತನ್ನು ಮುತ್ತುಸಾಮಿ ಸಾರ್‌ಗೆ ಹೇಳಿದೆ. ಅವರು ಎಚ್‌ಎಂ ಮೇಡಂಗೆ ಹೇಳಿದರು. ಆಡಿದ್ದು ಇಷ್ಟೇ, ಎರಡು ಲೋಟ ಟೀ ಮುಗಿಯುವಷ್ಟು ಹೊತ್ತು.

ಮುಂದಿನ ವಾರ ಇಂಟರ್‌ವ್ಯೂಗೆ ಮಗುವನ್ನು ಕರೆದುಕೊಂಡು ಬಂದರು. ಮೂರೂವರೆ ವರ್ಷದ ಮಗುವಿಗೆ ಇಂಟರ್‌ವ್ಯೂ ಯಾಕೆ ಎಂದು ನಾನು ಹನ್ನೆರಡು ವರ್ಷ ಕೇಳಿದ್ದೇನೆ, ಇವತ್ತಿನವರೆಗೆ ಯಾರೂ ಉತ್ತರ ಹೇಳಿಲ್ಲ. ಮೇಡಂ ಬೇಕೆಂದೇ ಮಗುವಿನ ಬೆನ್ನ ಹಿಂದೆ ಹೋಗಿ, ಮಿತ್ರಾ ಎಂದು ಕರೆದರಂತೆ. ಎರಡು ಸಲ, ಮೂರು ಸಲ. ಮಗು ಮೇಜಿನ ಮೇಲಿದ್ದ ಗಾಜಿನ ಗುಂಡನ್ನೇ ನೋಡುತ್ತಿತ್ತಂತೆ. ಅರ್ಜಿಯನ್ನು ಪಕ್ಕಕ್ಕೆ ಇಟ್ಟರು. ಇಂಥ ಮಕ್ಕಳಿಗೆ ಬೇರೆ ಸ್ಕೂಲ್ ಇದೆ, ಅಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಮೆತ್ತಗೆ ಹೇಳಿ ಕಳಿಸಿದರು.

ಒಂದು ಸ್ಕೂಲು ಹೀಗೆ ಹೇಳಿದರೆ ಆ ಮಾತು ಮಗುವಿನ ಜೊತೆಗೇ ಬೀದಿಗೆ ಬರುತ್ತದೆ. ಇನ್ನೊಂದು ಸ್ಕೂಲಿನವರು, ಅಲ್ಲಿ ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಕೇಳಿ ಅವರೂ ಆಗುವುದಿಲ್ಲ ಎಂದರು. ಪಕ್ಕದ ಮನೆಯವರು ಮಗುವನ್ನು ಕಂಡರೆ ಕೈಸನ್ನೆ ಮಾಡತೊಡಗಿದರು. ಮಗುವಿನ ತಾಯಿ ಜ್ಯೋತಿ ಇದನ್ನೆಲ್ಲ ಸರಸಕ್ಕನ ಹತ್ತಿರ ಹೇಳಿ ಅತ್ತಳು. ಸರಸಕ್ಕ ಬಂದು ನನ್ನ ಮುಖಕ್ಕೆ ಹೇಳಿದರು, ಇದು ನಿನ್ನ ಬಾಯಿಂದ ಹುಟ್ಟಿದ್ದು ಎಂದು.

ಆ ಭಾನುವಾರ ನಾನೇ ಆ ಮನೆಗೆ ಹೋದೆ. ಅಜ್ಜಿ ನೀರು ಕೊಡಲಿಲ್ಲ. ಮಗ್ಗದ ಸದ್ದಿನಲ್ಲಿ ಅವರ ಬಾಯಿ ನೋಡಿಯೇ ಬೈಗುಳ ಅರ್ಥ ಮಾಡಿಕೊಂಡೆ.

“ನೀನೂ ಮಗ್ಗದ ಮನೇಲೇ ಹುಟ್ಟಿದೋನಲ್ವಾ ಸಾಮಿ? ತರಿ ಓಡ್ಬೇಕಾರೆ ಯಾರ್ ಕೂಗಿದ್ರೆ ಯಾರಿಗ್ ಕೇಳ್ತದೆ?”

ನಮ್ಮ ಕಡೆ ಮಗ್ಗಕ್ಕೆ ತರಿ ಅನ್ನುತ್ತಾರೆ. ಅಜ್ಜಿ ಹೇಳಿದ್ದು ಸರಿ. ನಾನು ಹನ್ನೊಂದು ವರ್ಷದವನಿದ್ದಾಗಿಂದ ಇಪ್ಪತ್ತೆರಡರವರೆಗೆ ನಮ್ಮ ಮನೆಯ ಮಗ್ಗಗಳ ನಡುವೆ ನಿಂತವನು. ಅಲ್ಲಿ ಯಾರೂ ಬೆನ್ನ ಹಿಂದಿನಿಂದ ಕರೆಯುವುದಿಲ್ಲ, ಕರೆದು ಉಪಯೋಗವಿಲ್ಲ. ಮುಂದೆ ಬಂದು ನಿಂತು, ಮುಖ ಕೊಟ್ಟು, ತುಟಿ ಅಲ್ಲಾಡಿಸಬೇಕು. ದೂರ ಇದ್ದರೆ ಕೈ ಆಡಿಸಬೇಕು. ನಮ್ಮಮ್ಮ ಊಟಕ್ಕೆ ಕರೆಯುತ್ತಿದ್ದುದು ಶೆಡ್ಡಿನ ಟ್ಯೂಬ್‌ಲೈಟನ್ನು ಎರಡು ಸಲ ಆರಿಸಿ ಹಚ್ಚಿ. ಇದೆಲ್ಲ ನನಗೆ ಮರೆತೇ ಹೋಗಿತ್ತು. ವ್ಯಾನ್ ಡ್ರೈವರ್ ಆದ ಮೇಲೆ ನಾನೂ ಮೇಡಂ ತರಹವೇ ಯೋಚಿಸಿದ್ದೆ. ಕರೆದರೆ ತಿರುಗದ ಮಗು ಕಿವುಡು ಎಂದು. ಮುಖ ಕೊಡದೆ ಯಾರೋ ಕರೆದರೆ ಅದು ತನಗಲ್ಲ ಎಂದು ಆ ಮಗು ಕಲಿತಿತ್ತು, ಅಷ್ಟೇ.

ಅಜ್ಜಿ ಹೋಗಿ ಟ್ಯೂಬ್‌ಲೈಟಿನ ಸ್ವಿಚ್ ಎರಡು ಸಲ ಒತ್ತಿದರು. ಮಗ್ಗಗಳ ಆ ತುದಿಯಲ್ಲಿದ್ದ ಮಿತ್ರಾ ಓಡಿ ಬಂದು ಅಜ್ಜಿಯ ಮುಂದೆ ನಿಂತಳು.

ಅದೇ ಹೊತ್ತಿಗೆ ಕರೆಂಟ್ ಹೋಯಿತು. ಎಂಟು ಮಗ್ಗವೂ ನಿಂತವು, ಬೀದಿಯ ಎಲ್ಲ ಮನೆಯ ಮಗ್ಗಗಳೂ ನಿಂತವು. ಅಜ್ಜಿ ಮಗುವನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ, ಹಿಂದಿನಿಂದ ಏನೋ ಹೇಳಿದರು. ತುಟಿ ಅಲ್ಲಾಡಿದ್ದು ಕಂಡಿತು, ಏನೆಂದರೋ ನನಗೆ ತಿಳಿಯಲಿಲ್ಲ. ಮಗು ಸರಕ್ಕನೆ ತಿರುಗಿ ಕೈ ಚಾಚಿತು.

“ಏನ್ ಅಂದ್ರಿ?” ಎಂದು ಕೇಳಿದೆ.

“ಮುರುಕು ಬೇಕಾ ಅಂದೆ. ನಿಂಗೆ ಕೇಳ್ಸಿಲ್ವಾ?” ಅಂದರು ಅಜ್ಜಿ, ಮಗುವಿನ ಕೈಗೆ ಚಕ್ಕುಲಿ ಕೊಡುತ್ತ.

ನನಗೆ ಕೇಳಿಸಿರಲಿಲ್ಲ. ಅಜ್ಜಿ ಬಹಳ ಮೆತ್ತಗೆ ಹೇಳಿರಬೇಕು ಎಂದುಕೊಂಡೆ.

ಮಾರನೇ ದಿನ ಮುತ್ತುಸಾಮಿ ಸಾರ್ ಹತ್ತಿರ ಹೋಗಿ, ನಾನು ಹೇಳಿದ್ದು ತಪ್ಪು, ಮೇಡಂಗೆ ಹೇಳಿ ಎಂದೆ. ಮೇಡಂ ಕಣ್ಣಾರೆ ನೋಡಿದ್ದಾರೆ, ನೀನು ವ್ಯಾನ್ ತೊಳಿ ಎಂದರು. ನಾನೇ ಆಫೀಸಿಗೆ ಹೋದೆ. ಡ್ರೈವರಿಗೆ ಆ ಮೆಟ್ಟಿಲು ಹತ್ತುವ ರೂಢಿ ಇಲ್ಲ. ಮೇಡಂ ಕೇಳಿಸಿಕೊಂಡರು. ಅವರು ಕೆಟ್ಟವರಲ್ಲ. ಆದರೆ ಇಪ್ಪತ್ತು ವರ್ಷದ ಅನುಭವ ನನ್ನದು, ಮಗುವನ್ನು ನೋಡಿದರೆ ಗೊತ್ತಾಗುತ್ತದೆ ಎಂದುಬಿಟ್ಟರು. ಅನುಭವ ಇರುವವರ ಹತ್ತಿರ ವಾದ ಮಾಡಿ ಗೆಲ್ಲಲು ಆಗುವುದಿಲ್ಲ. ತೋರಿಸಬೇಕು.

ತೋರಿಸಲು ದಾರಿಯೂ ಸಿಕ್ಕಿತು. ನಮ್ಮ ಕಡೆ ಮೇ ತಿಂಗಳಲ್ಲಿ ಟೀಚರುಗಳು ನೋಟೀಸ್ ಹಿಡಿದು ಮನೆಮನೆಗೆ ಹೋಗುತ್ತಾರೆ, ನಿಮ್ಮ ಮಗುವನ್ನು ನಮ್ಮ ಸ್ಕೂಲಿಗೆ ಸೇರಿಸಿ ಎಂದು. ಕ್ಯಾನ್ವಾಸ್ ಅನ್ನುತ್ತಾರೆ. ಆ ವರ್ಷ ಸೇರುವವರು ಕಡಿಮೆ ಎಂದು ಮೇಡಂ ಕೂಡ ಹೊರಟರು. ವ್ಯಾನ್ ನನ್ನದು. ಯಾವ ಬೀದಿಗೆ ಮೊದಲು ಹೋಗಬೇಕು ಅನ್ನುವುದು ಸ್ಟೀರಿಂಗ್ ಹಿಡಿದವನ ಕೈಯಲ್ಲಿದೆ. ಮಿತ್ರಾಳ ಮನೆಯ ಮುಂದೆ ನಿಲ್ಲಿಸಿ, ಇಲ್ಲಿ ಸ್ವಲ್ಪ ಇಳಿಯಿರಿ ಮೇಡಂ, ನೀರು ಕುಡಿದು ಹೋಗೋಣ ಎಂದೆ. ಯಾರ ಮನೆ ಎಂದು ಹೇಳಲಿಲ್ಲ.

ಮೇಡಂ ಶೆಡ್ಡಿನೊಳಗೆ ಕಾಲಿಟ್ಟರು. ಎಂಟು ಮಗ್ಗ ಓಡುತ್ತಿದ್ದವು. ಅವರು ಎರಡೂ ಕಿವಿ ಮುಚ್ಚಿಕೊಂಡರು, ಆಮೇಲೆ ಮರ್ಯಾದೆಗೆ ಕೈ ತೆಗೆದರು. ಅಜ್ಜಿ ಲೋಟದಲ್ಲಿ ಮಜ್ಜಿಗೆ ತಂದು ಮುಖ ಕೊಟ್ಟು ಏನೋ ಹೇಳಿದರು. ಮೇಡಂ ಅರ್ಥವಾಗದೆ ಸುಮ್ಮನೆ ನಕ್ಕರು. ಇಂಟರ್‌ವ್ಯೂನಲ್ಲಿ ಮಗುವೂ ಬಹುಶಃ ಹೀಗೇ ನಕ್ಕಿರಬೇಕು.

ನಾನು ಅವರ ಬೆನ್ನ ಹಿಂದೆ ನಾಲ್ಕು ಅಡಿ ದೂರ ನಿಂತು, ಮೇಡಂ ಎಂದು ಕೂಗಿದೆ. ಗಂಟಲು ತೆಗೆದೇ ಕೂಗಿದೆ. ತಿರುಗಲಿಲ್ಲ. ಇನ್ನೊಂದು ಸಲ. ಇಲ್ಲ. ಮೂರನೇ ಸಲವೂ ಇಲ್ಲ. ಮಿತ್ರಾ ಮಗ್ಗದ ಪಕ್ಕದಿಂದ ನನ್ನ ಬಾಯಿ ನೋಡಿದಳು. ಹೋಗಿ ಮೇಡಂ ಸೀರೆಯನ್ನು ಎಳೆದು, ಅವರು ಬಗ್ಗಿ ನೋಡುವವರೆಗೆ ಬಿಡದೆ, ನನ್ನ ಕಡೆ ಬೆರಳು ತೋರಿಸಿದಳು. ಆಗ ಮೇಡಂ ತಿರುಗಿದರು.

ಹೊರಗೆ ಬಂದ ಮೇಲೆ ಹೇಳಿದೆ. ಅವರ ಜೊತೆ ನಾನು ಆಡುವುದು ತಮಿಳು, ಶಿಲ್ಪಾ ಕನ್ನಡದಲ್ಲಿ ಬರೆಯುತ್ತಿದ್ದಾಳೆ.

“ಮೇಡಂ, ಮೂರು ಸಲ ಕರೆದೆ, ನೀವು ತಿರುಗಲಿಲ್ಲ. ನಿಮಗೂ ಬೇರೆ ಸ್ಕೂಲು ನೋಡಬೇಕಾಗುತ್ತದೆ.”

ಜೊತೆಗಿದ್ದ ಟೀಚರುಗಳು ನೆಲ ನೋಡಿದರು. ಕೆಲಸ ಹೋಯಿತು ಎಂದುಕೊಂಡೆ. ಹೋದರೆ ಹೋಗಲಿ ಎಂದೂ ಅನ್ನಿಸಿತು. ಮೇಡಂ ಬಾಗಿಲಲ್ಲಿ ನಿಂತಿದ್ದ ಮಗುವಿನ ಕಡೆ ತಿರುಗಿದರು. ಅರ್ಜಿ ಇನ್ನೂ ನನ್ನ ಮೇಜಿನ ಮೇಲೇ ಇದೆ, ಒಂದು ಕಿವಿ ಡಾಕ್ಟರ ಕಾಗದ ತಂದುಬಿಡಿ, ಆಮೇಲೆ ಯಾರೂ ಬಾಯಿ ತೆಗೆಯಬಾರದು ಎಂದರು. ಅದು ನ್ಯಾಯವಾದ ಮಾತು.

ಕೊಯಮತ್ತೂರಿನ ಕಿವಿ ಆಸ್ಪತ್ರೆಗೆ ಜ್ಯೋತಿ, ಅಜ್ಜಿ, ಮಗು, ನಾನು ಹೋದೆವು. ನಾನು ಹೋಗಬೇಕಾಗಿರಲಿಲ್ಲ. ಆದರೆ ಕೆಡಿಸಿದವನು ನಾನು. ಅಲ್ಲದೆ ಹೊಸ ಜಾಗಕ್ಕೆ ಮಗುವನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ.

ಪರೀಕ್ಷೆ ಮಾಡುವ ಹುಡುಗಿ ನಾವು ಆಡುವುದನ್ನು ಕೇಳಿ, ನೀವು ಕನ್ನಡದವರಾ ಎಂದಳು. ಅವಳು ಮೈಸೂರಿನವಳು. ಅಜ್ಜಿಗೆ ಅವಳ ಕನ್ನಡ ಟಿವಿಯ ಕನ್ನಡದ ಹಾಗೆ ಕೇಳಿಸಿ ಸಂತೋಷವಾಯಿತು. ಒಂದು ಸಣ್ಣ ರೂಮು, ದಪ್ಪ ಬಾಗಿಲು, ಗಾಜಿನ ಕಿಟಕಿ. ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ. ಕುಯ್ ಎಂದು ಸದ್ದು ಬಂದಾಗಲೆಲ್ಲ ಮಗು ಒಂದು ಮರದ ಗುಂಡನ್ನು ಬುಟ್ಟಿಗೆ ಹಾಕಬೇಕು. ಮಿತ್ರಾ ಹೆಡ್‌ಫೋನ್ ಕಂಡು ಜ್ಯೋತಿಯ ಸೀರೆಯೊಳಗೆ ಮುಖ ಮುಚ್ಚಿಕೊಂಡಳು.

ನನ್ನ ಮೇ ತಿಂಗಳ ಟ್ರಯಲ್ ನೆನಪಾಯಿತು. ಮೊದಲು ನಾನು ಕೂತು ತೋರಿಸುತ್ತೇನೆ ಎಂದೆ. ಹೆಡ್‌ಫೋನ್ ಹಾಕಿಕೊಂಡು ಬುಟ್ಟಿ ಮುಂದಿಟ್ಟುಕೊಂಡೆ. ಒಂದು ಸದ್ದು ಬಂತು, ಒಂದು ಗುಂಡು ಹಾಕಿದೆ. ಇನ್ನೊಂದು ಬಂತು, ಹಾಕಿದೆ. ಆಮೇಲೆ ಏನೂ ಬರಲಿಲ್ಲ. ಮಿಷನ್ ಆಫ್ ಆಗಿರಬೇಕು ಎಂದು ಕಾದೆ. ಗಾಜಿನ ಆ ಕಡೆ ನೋಡಿದರೆ ಆ ಹುಡುಗಿ ಗುಂಡಿ ತಿರುಗಿಸುತ್ತಲೇ ಇದ್ದಳು. ತಿರುಗಿಸುತ್ತ ತಿರುಗಿಸುತ್ತ ನನ್ನ ಮುಖ ನೋಡಿದಳು. ಆಗ ಮತ್ತೆ ಒಂದು ಸದ್ದು ಕೇಳಿಸಿತು, ಬಹಳ ದೂರದಿಂದ ಬಂದ ಹಾಗೆ.

ನಾನು ಈಚೆ ಬಂದೆ. ಮಿತ್ರಾ ಹೋಗಿ ಕೂತಳು. ಗುಂಡುಗಳು ಒಂದಾದ ಮೇಲೆ ಒಂದು ಬುಟ್ಟಿಗೆ ಬಿದ್ದವು. ಬುಟ್ಟಿ ತುಂಬಿತು, ಮತ್ತೆ ಕೊಡಿ ಎಂದು ಕೈ ಚಾಚಿದಳು. ಮಗುವಿನ ಎರಡೂ ಕಿವಿ ಚೆನ್ನಾಗಿವೆ ಎಂದು ಡಾಕ್ಟರು ಬರೆದುಕೊಟ್ಟರು. ಮಗ್ಗದ ಹತ್ತಿರ ಮಗುವನ್ನು ಹೆಚ್ಚು ಹೊತ್ತು ಬಿಡಬೇಡಿ, ಇನ್ನು ಹತ್ತು ವರ್ಷ ಅಲ್ಲೇ ಇದ್ದರೆ ಹೀಗಿರುವುದಿಲ್ಲ ಎಂದೂ ಹೇಳಿದರು. ಜ್ಯೋತಿ ಆ ಕಾಗದವನ್ನು ರವಿಕೆಯೊಳಗೆ ಇಟ್ಟುಕೊಂಡಳು. ಅಜ್ಜಿ ಮೈಸೂರಿನ ಹುಡುಗಿಯ ಗಲ್ಲ ಮುಟ್ಟಿ ದೃಷ್ಟಿ ತೆಗೆದರು.

ಎಲ್ಲರೂ ಹೊರಗೆ ಹೋದ ಮೇಲೆ ಆ ಹುಡುಗಿ ನನ್ನನ್ನು ನಿಲ್ಲಿಸಿದಳು.

“ನೀವು ಏನು ಕೆಲಸ ಮಾಡ್ತೀರ ಸರ್?”

ಹೇಳಿದೆ.

“ಹಿಂದಿನಿಂದ ಮಕ್ಕಳು ಕರೆದರೆ ನಿಮಗೆ ಕೇಳಿಸುತ್ತಾ?”

ಅವಳು ನನ್ನ ಎದುರು ನಿಂತೇ ಹೇಳಿದಳು. ಅದಕ್ಕೇ ನನಗೆ ಪೂರ್ತಿ ಕೇಳಿಸಿತು.

ಸಿಟ್ಟು ಬಂತು. ಹನ್ನೆರಡು ವರ್ಷದಲ್ಲಿ ಒಂದು ಗೀರು ಬಿದ್ದಿಲ್ಲ, ನೀನು ಮಿಷನ್ ತಿರುಗಿಸಿ ನನ್ನ ಕೆಲಸ ಹೇಳುತ್ತೀಯಾ ಎಂದುಬಿಟ್ಟೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಯಾರಿಗೂ ತಿಳಿಸುವುದಿಲ್ಲ, ನಿಮಗೆ ಗೊತ್ತಿರಲಿ ಎಂದಷ್ಟೇ ಹೇಳಿದಳು. ತಿಳಿಸಿಬಿಟ್ಟಿದ್ದರೆ ಚೆನ್ನಾಗಿತ್ತು. ಅವಳ ಮೇಲೆ ಸಿಟ್ಟು ಮಾಡಿಕೊಂಡು ಆರಾಮಾಗಿ ಇರುತ್ತಿದ್ದೆ.

ಎರಡು ದಿನ ಯಾರಿಗೂ ಹೇಳಲಿಲ್ಲ. ಕಣ್ಣಿದೆ, ಕೈಯಿದೆ, ಕನ್ನಡಿ ಇದೆ, ಸರಸಕ್ಕ ಇದ್ದಾರೆ, ಇನ್ನೇನು ಬೇಕು ಎಂದು ನನಗೆ ನಾನೇ ವಾದ ಮಾಡಿದೆ. ಆದರೆ ಹಳೆಯ ಸಂಗತಿಗಳು ಒಂದೊಂದಾಗಿ ಎದ್ದು ಬಂದವು. ಚಡ್ಡಿ ಒದ್ದೆ ಮಾಡಿಕೊಂಡ ಹುಡುಗ ನನ್ನನ್ನು ಕರೆದಿದ್ದನಾ? ಮಣಮಣ ಅನ್ನುವ ಮಕ್ಕಳೆಲ್ಲ ನಿಜವಾಗಿ ಕೂಗುತ್ತಿದ್ದವಾ? ಮೂರನೇ ದಿನ ಸರಸಕ್ಕನನ್ನು ಖಾಲಿ ವ್ಯಾನಿನ ಕೊನೆಯ ಸೀಟಿನಲ್ಲಿ ಕೂರಿಸಿದೆ. ಇಂಜಿನ್ ಹಾಕಿದೆ. ಅಣ್ಣಾ ಎಂದು ಮಗುವಿನ ಹಾಗೆ ಹತ್ತು ಸಲ ಕರೆಯಿರಿ ಅಕ್ಕಾ, ಕೇಳಿದಾಗಲೆಲ್ಲ ಕೈ ಎತ್ತುತ್ತೇನೆ ಎಂದೆ. ಕನ್ನಡಿಯನ್ನು ಮೇಲಕ್ಕೆ ತಿರುಗಿಸಿ ರಸ್ತೆ ನೋಡುತ್ತ ಕೂತೆ.

ಸ್ವಲ್ಪ ಹೊತ್ತಾದ ಮೇಲೆ ಸರಸಕ್ಕ ಮುಂದೆ ಬಂದು ಪಕ್ಕದಲ್ಲಿ ನಿಂತರು.

“ಶುರು ಮಾಡಿ ಅಕ್ಕಾ” ಎಂದೆ.

“ಆಯ್ತಪ್ಪಾ, ಹತ್ತೂ ಆಯ್ತು” ಅಂದರು.

ಕೀ ತೆಗೆದು ಮುತ್ತುಸಾಮಿ ಸಾರ್ ಮೇಜಿನ ಮೇಲಿಟ್ಟೆ. ಅವರು ನಂಬಲಿಲ್ಲ. ಯಾರಿಗೂ ಗೊತ್ತಿಲ್ಲವಲ್ಲ, ಸುಮ್ಮನೆ ಓಡಿಸು ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಹಿಂದೆ ಕೂತವರಿಗೆ ಗೊತ್ತು ಸಾರ್ ಎಂದೆ. ಕಿವಿಗೆ ಮಿಷನ್ ಹಾಕಿಸಿಕೊಂಡು ಓಡಿಸು ಎಂದೂ ಕೆಲವರು ಹೇಳಿದರು. ಹಾಕಿಸಿಕೊಂಡು ನೋಡಿದೆ. ಎದುರಿನವರ ಮಾತಿಗೆ ಚೆನ್ನಾಗಿದೆ. ವ್ಯಾನಿನಲ್ಲಿ ಅದು ಇಂಜಿನ್ನಿನ ಸದ್ದನ್ನೇ ದೊಡ್ಡದು ಮಾಡುತ್ತದೆ, ಮಗುವಿನ ದನಿ ಅದರೊಳಗೆ ಮುಳುಗುತ್ತದೆ. ನನಗೆ ಅದರಿಂದ ಆಗಲಿಲ್ಲ. ಬೇರೆಯವರಿಗೆ ಆಗಬಹುದು.

ನನ್ನ ಮೇಲೆ ಕನಿಕರ ಬೇಡ. ಕಿವಿ ಹೋದದ್ದು ವ್ಯಾನಿನಿಂದಲ್ಲ, ಹನ್ನೊಂದು ವರ್ಷ ಮಗ್ಗದ ನಡುವೆ ನಿಂತದ್ದರಿಂದ. ನಮ್ಮ ಬೀದಿಗಳಲ್ಲಿ ಅರ್ಧ ಜನಕ್ಕೆ ಹೀಗೇ ಇರಬಹುದು, ಯಾರೂ ಹೇಳಿಕೊಳ್ಳುವುದಿಲ್ಲ. ನಾನು ಹೇಳುತ್ತಿದ್ದೇನೆ. ಈ ಕೆಲಸಕ್ಕೆ ಬರುವವರು ಕಣ್ಣು ತೋರಿಸಿಕೊಳ್ಳುವ ಹಾಗೆ ಕಿವಿಯನ್ನೂ ತೋರಿಸಿಕೊಳ್ಳಿ. ಸ್ಕೂಲಿನವರು ಕೇಳದಿದ್ದರೂ ತೋರಿಸಿಕೊಳ್ಳಿ.

ಜೂನ್‌ನಲ್ಲಿ ಸ್ಕೂಲು ತೆಗೆದ ಮೊದಲ ದಿನ ನಾನು ಹೋದೆ. ಸ್ಟೀರಿಂಗ್ ಹಿಂದೆ ಹೊಸ ಡ್ರೈವರ್, ನಾನು ಬಾಗಿಲ ಪಕ್ಕದ ಸೀಟಿನಲ್ಲಿ. ಯಾವ ಮಗುವಿಗೆ ಯಾವ ಸೀಟು, ಯಾರಿಗೆ ಯಾವ ತಿರುವಿನಲ್ಲಿ ವಾಂತಿ ಎಂದು ಅವನಿಗೆ ಹೇಳುತ್ತಿದ್ದೆ. ಮಿತ್ರಾ ಬೂಟು ಹಾಕಿದ ಕಾಲಿನಲ್ಲಿ ತಾನೇ ಮೆಟ್ಟಿಲು ಹತ್ತಿದಳು. ಜ್ಯೋತಿ ಅತ್ತಳು, ಮಗು ಅಳಲಿಲ್ಲ. ಅವಳು ಹೆದರಿದ್ದಾಳಾ ಎಂದು ತಿಳಿಯಲು ದಾರಿಯಿಡೀ ಅವಳ ಮುಖವನ್ನೇ ನೋಡಿದೆ. ಸರಸಕ್ಕನ ಬಳೆ ಎಣಿಸುತ್ತಿದ್ದಳು.

ಸ್ಕೂಲಿನ ಅಂಗಳದಲ್ಲಿ ಎಲ್‌ಕೆಜಿ ಮಕ್ಕಳ ಅಳು ಎಷ್ಟಿತ್ತೆಂದರೆ ನನಗೂ ಕೇಳಿಸುತ್ತಿತ್ತು. ಮೇಡಂ ತಾವೇ ಬಾಗಿಲಲ್ಲಿ ನಿಂತು ಒಂದೊಂದೇ ಮಗುವನ್ನು ಒಳಗೆ ಕಳಿಸುತ್ತಿದ್ದರು. ಮಿತ್ರಾಳ ಎದುರಿಗೆ ಬಂದು, ಬಗ್ಗಿ, ಮುಖ ಕೊಟ್ಟು, ಬಾ ಮಿತ್ರಾ ಎಂದರು. ಅದನ್ನು ನಾನು ನೋಡಿದೆ.

ಮಗು ಎರಡು ಹೆಜ್ಜೆ ಹೋಗಿ ವಾಪಸ್ ಬಂತು. ನನ್ನ ಮೊಣಕಾಲು ತಟ್ಟಿತು. ನಾನು ಕುಕ್ಕರಗಾಲಲ್ಲಿ ಕೂತೆ. ಆ ಗದ್ದಲದಲ್ಲಿ ದನಿ ಹಾಕಿ ಉಪಯೋಗವಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಮಗ್ಗ ಓಡುವಾಗ ಹೇಗೋ ಹಾಗೆ ತುಟಿ ಮಾತ್ರ ಅಲ್ಲಾಡಿಸಿದಳು.

ವ್ಯಾನ್ ವಾಪಸ್ ಬರ್ತದಾ?

ಬರ್ತದೆ ಎಂದು ನಾನೂ ತುಟಿಯಲ್ಲೇ ಹೇಳಿದೆ. ಅವಳು ತಲೆ ಆಡಿಸಿ, ತಿರುಗಿ, ಮೇಡಂ ಕೈ ಹಿಡಿಯದೆ ಒಳಗೆ ನಡೆದುಹೋದಳು.

ಮಗು ಏನು ಹೇಳಿತು, ನನಗೇನೂ ಕೇಳಿಸಲಿಲ್ಲವಲ್ಲ ಎಂದು ಮೇಡಂ ಕೇಳಿದರು.

ಅದು ನಿಮಗೆ ಕೇಳಿಸುವಂಥದ್ದಲ್ಲ ಮೇಡಂ ಎಂದೆ.